ಎರಡು ತುಂಡಿನ ಫ್ಲೈ ರಾಡನ್ನು ನಾಲ್ಕು ತುಂಡು ಮಾಡಿದ ನನ್ನ ಅನುಭವ

ಹಗುರವಾದ ಹುಸಿ ಹುಳುವನ್ನು, ಅಂದರೆ ಫ್ಲೈಯನ್ನು, ಲೈನಿನ ಭಾರದಿಂದಲೇ ಬೀಸಿ ಮೀನು ಹಿಡಿಯುವ ಕೋಲು ಫ್ಲೈ ರಾಡು; ಅದು ಹೊರುವ ಲೈನಿನ ತೂಕವನ್ನು ನಂಬರಿನಿಂದ ಹೇಳುತ್ತಾರೆ. ಒಂಬತ್ತು ಅಡಿಯ, ಆರನೆಯ ನಂಬರಿನ, ಎರಡು ತುಂಡಿನ ನನ್ನ ಕಾರ್ಬನ್ ಫ್ಲೈ ರಾಡನ್ನು ಮನೆಯಲ್ಲಿಯೇ ಕೊಯ್ದು ನಾಲ್ಕು ತುಂಡು ಮಾಡಿ ಈಗ ಎರಡು ವರ್ಷ ತುಂಬಿದೆ. ಈ ಅವಧಿಯಲ್ಲಿ ಅದು ಮಾರ್ಕೋನಹಳ್ಳಿಯ ಹಿನ್ನೀರಿನಲ್ಲಿಯೂ ತುಮಕೂರಿನ ಸುತ್ತಲಿನ ಐದಾರು ಕೆರೆಗಳಲ್ಲಿಯೂ ಕಡಿಮೆಯೆಂದರೂ ನೂರಿಪ್ಪತ್ತು ದಿನ ದುಡಿದಿದೆ. ಮೊದಮೊದಲು ತಿಂದ ಪೆಟ್ಟುಗಳು ಮುಗಿದು ಕೀಲುಗಳು ಸರಿಹೋದ ಮೇಲೆ ಒಂದು ಕೀಲೂ ಸಡಿಲಾಗಿಲ್ಲ, ಒಂದು ತುಂಡೂ ಸೀಳಿಲ್ಲ. ಕೊಯ್ಯುವ ಮೊದಲು ನಾನು ಸಲಹೆ ಕೇಳಿದವರೆಲ್ಲರೂ ಬೇಡವೆಂದಿದ್ದರು. ನನಗೆ ಫ್ಲೈ ಬೀಸುವುದನ್ನು ಕಲಿಸಿದ ಕುಣಿಗಲಿನ ಹಿರಿಯರೊಬ್ಬರಂತೂ, "ಕೊಯ್ದ ಕೋಲಿಗೆ ಜೀವ ಇರಲ್ಲ ಕಣಪ್ಪ, ಆಮೇಲೆ ಹೀರೆ ಬಳ್ಳಿಗೆ ಊರುಗೋಲು ಮಾಡ್ಕೋಬೇಕಾಗುತ್ತೆ" ಎಂದು ಬಿಟ್ಟಿದ್ದರು. ಅವರ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಆದರೆ ಬೈಕಿನಲ್ಲಿ ಓಡಾಡುವ ನನಗೆ ಬೇರೆ ದಾರಿ ಇರಲಿಲ್ಲ.

ಎರಡು ತುಂಡಿನ ರಾಡಿನ ಕೊಳವೆ ಹತ್ತಿರಹತ್ತಿರ ನಾಲ್ಕೂಮುಕ್ಕಾಲು ಅಡಿ ಉದ್ದವಿರುತ್ತದೆ. ಬೈಕಿನ ಹಿಂದೆ ಅದನ್ನು ನೆಟ್ಟಗೆ ಕಟ್ಟಿಕೊಂಡು ಹೋಗುವಾಗ, ಕೆರೆ ಏರಿಯ ಕೆಳಗಿನ ಗಾಡಿ ಜಾಡಿನಲ್ಲಿ ಹುಣಸೆ ಕೊಂಬೆಯೊಂದಕ್ಕೆ ತಗುಲಿ ನನ್ನ ಮೊದಲನೆಯ ರಾಡು ಕೊಳವೆಯೊಳಗೇ ಮುರಿಯಿತು. ಹನ್ನೊಂದು ಸಾವಿರ ರೂಪಾಯಿ ಕೊಟ್ಟ ರಾಡದು. ಹೊಸದಾಗಿ ನಾಲ್ಕು ತುಂಡಿನದನ್ನು ಹೊರದೇಶದಿಂದ ತರಿಸಲು ಸುಂಕವೂ ಸೇರಿ ಹದಿನೆಂಟು ಇಪ್ಪತ್ತು ಸಾವಿರವಾಗುತ್ತಿತ್ತು. ಅದೇ ತಿಂಗಳು ಬೆಂಗಳೂರಿನಲ್ಲಿ ಒಬ್ಬರು ಎರಡು ತುಂಡಿನ ಹಳೆಯ ರಾಡನ್ನು ನನಗೆ 3,500 ರೂಪಾಯಿಗೆ ಮಾರಿದರು; ನಾನು ಕೊಯ್ದದ್ದು ಅದನ್ನೇ. ಎರಡು ತುಂಡಿನವು ಅಗ್ಗಕ್ಕೆ ಸಿಗುವುದು ಅವು ಕೆಟ್ಟವೆಂದಲ್ಲ, ಹೊತ್ತು ತಿರುಗುವುದು ಕಷ್ಟವೆಂದು. ಮುರಿದ ರಾಡನ್ನು ನಾನು ಎಸೆದಿರಲಿಲ್ಲ. ಕೊನೆಗೆ ಕೆಲಸಕ್ಕೆ ಬಂದದ್ದು ಅದೇ.

ಕೊಯ್ಯುವುದು ಸುಲಭ. ಟೇಪು ಸುತ್ತಿ, ನೀರು ಹಾಕುತ್ತಾ, ಬಾಯಿಗೆ ಬಟ್ಟೆ ಕಟ್ಟಿಕೊಂಡು ಸಣ್ಣ ಹಲ್ಲಿನ ಹ್ಯಾಕ್ಸಾದಿಂದ ಕೊಯ್ದೆ. ಕೊಯ್ಯುವ ಮೊದಲು ಗೈಡುಗಳ, ಅಂದರೆ ಲೈನು ಹಾಯುವ ಬಳೆಗಳ, ಎದುರು ಬದಿಗೆ ಬಿಳಿ ಪೆನ್ಸಿಲಿನಿಂದ ಉದ್ದಕ್ಕೂ ಒಂದು ಗೆರೆ ಎಳೆದಿದ್ದರಿಂದ, ಮರಳಿ ಜೋಡಿಸುವಾಗ ತುಂಡುಗಳು ಮೊದಲಿದ್ದ ನೇರಕ್ಕೇ ಕುಳಿತವು. ತುದಿಯ ತುಂಡನ್ನು ನಟ್ಟನಡುವೆ ಕೊಯ್ದರೆ ಒಂದು ಗೈಡಿನ ಕಾಲು ಕೀಲಿನ ಮೇಲೆಯೇ ಬೀಳುತ್ತಿತ್ತು. ಆ ಗೈಡನ್ನು ಬಿಚ್ಚಿ ಎರಡು ಬೆರಳು ಮೇಲಕ್ಕೆ ಸರಿಸಬೇಕಾಯಿತು.

ಕಷ್ಟವೆಲ್ಲ ಕೀಲಿನಲ್ಲಿದೆ. ಒಂದು ತುಂಡಿನ ಬಾಯಿ ಇನ್ನೊಂದರ ಮೇಲೆ ಕೂರುವ ಕೀಲು ಮಾಡಲು ಹೋದರೆ ಉದ್ದ ಕಡಿಮೆಯಾಗುತ್ತದೆ, ದಪ್ಪವೂ ಹೊಂದುವುದಿಲ್ಲ. ಆದ್ದರಿಂದ ಕೆಳ ತುಂಡಿನ ಒಳಗಿನಿಂದ ಬೆಣೆಯಂತೆ ಹೊರಬಂದು ಮೇಲಿನ ತುಂಡಿನೊಳಗೆ ಕೂರುವ ಕಡ್ಡಿಯನ್ನು, ಅಂದರೆ ಸ್ಪಿಗಾಟನ್ನೇ ಆರಿಸಿಕೊಂಡೆ. ಮೊದಲು ದೇವರಾಯನದುರ್ಗದ ಕಡೆಯ ಗಟ್ಟಿ ಬಿದಿರನ್ನು ತಂದು ಕೆತ್ತಿ ಕೂರಿಸಿದೆ. ಒಣ ದಿನಗಳಲ್ಲಿ ಚೆನ್ನಾಗಿತ್ತು. ಶ್ರಾವಣದ ಜಿಟಿಜಿಟಿ ಮಳೆಗೆ ಉಬ್ಬಿ ಎಷ್ಟು ಎಳೆದರೂ ಬಿಚ್ಚದೆ, ಬಸ್ಸಿನ ಹಿಂದಿನ ಸೀಟಿನ ಉದ್ದಕ್ಕೂ ಮಲಗಿಸಿಕೊಂಡು ಮನೆಗೆ ತಂದೆ. ಅನಂತರ ಅಲ್ಯೂಮಿನಿಯಂ ಕೊಳವೆ ಹಾಕಿದೆ. ಅದು ಬಾಗುವುದಿಲ್ಲ, ರಾಡು ಬಾಗಿದಾಗ ಕೀಲಿರುವ ಅರ್ಧ ಗೇಣು ಜಾಗ ಮಾತ್ರ ನೆಟ್ಟಗೆ ನಿಂತು, ಅದರ ಅಂಚಿನಲ್ಲಿ ಬ್ಲ್ಯಾಂಕು, ಅಂದರೆ ರಾಡಿನ ಬರಿಯ ಟೊಳ್ಳು ಕೋಲು, ಬಿರುಕು ಬಿಟ್ಟಿತು. ಹಿರಿಯರು ಹೇಳಿದ್ದ "ಜೀವ ಇರಲ್ಲ" ಎಂಬ ಮಾತಿನ ಅರ್ಥ ನನಗೆ ತಿಳಿದದ್ದು ಆಗ.

ಮೂರನೆಯ ಸಲ ಮುರಿದ ರಾಡಿನ ಬ್ಲ್ಯಾಂಕನ್ನೇ ತೆಗೆದುಕೊಂಡೆ. ಅದಕ್ಕೂ ಬುಡದಿಂದ ತುದಿಗೆ ಸಪೂರವಾಗುವ ಗುಣವಿರುವುದರಿಂದ, ಸರಿಯಾದ ದಪ್ಪದ ಜಾಗವನ್ನು ಆರಿಸಿ ತುಂಡರಿಸಿ, ಕೆಳ ತುಂಡಿನ ದಪ್ಪ ಬಾಯಿಯಿಂದ ಒಳಗೆ ಬಿಟ್ಟು ಮೇಲಕ್ಕೆ ತಳ್ಳಿದರೆ, ಬೇಕಾದಷ್ಟು ಹೊರಬಂದು ತಾನೇ ಬಿಗಿದು ನಿಲ್ಲುತ್ತದೆ. ಹೊರಬಂದ ಭಾಗವನ್ನು ನೀರು ಹಾಕಿ ಬಳಸುವ ಉಪ್ಪು ಕಾಗದದಿಂದ ಉಜ್ಜಿ ಮೇಲಿನ ತುಂಡಿಗೆ ಹೊಂದಿಸಬೇಕು. ಪೂರ್ತಿ ಕೂತಾಗಲೂ ಎರಡು ತುಂಡುಗಳ ನಡುವೆ ಐದಾರು ಮಿಲಿಮೀಟರ್ ಸಂದು ಉಳಿಯಲೇಬೇಕು. ಬಳಸುತ್ತಾ ಕೀಲು ಸವೆದಂತೆ ಆ ಸಂದು ಮುಚ್ಚುತ್ತಾ ಬರುತ್ತದೆ. ನೋಡಿದವರು ಅದನ್ನು ಕೆಲಸದ ಲೋಪವೆಂದುಕೊಳ್ಳುತ್ತಾರೆ. ನನ್ನದರಲ್ಲಿ ಈಗ ಮೂರೂವರೆ ಮಿಲಿಮೀಟರಿನಷ್ಟು ಉಳಿದಿದೆ. ತುದಿಯ ಕೀಲಿನಲ್ಲಿ ಒಳರಂಧ್ರ ಎರಡು ಮಿಲಿಮೀಟರಿನ ಆಸುಪಾಸು ಇದ್ದುದರಿಂದ ಬ್ಲ್ಯಾಂಕು ಹಿಡಿಸಲಿಲ್ಲ. ಅಲ್ಲಿಗೆ ಟೊಳ್ಳಿಲ್ಲದ ಕಾರ್ಬನ್ ಕಡ್ಡಿಯ ಬದಲು ಅಂಥದೇ ಫೈಬರ್ ಗ್ಲಾಸ್ ಕಡ್ಡಿ ಹಾಕಿದೆ. ಅಷ್ಟೇ ದಪ್ಪದ ಕಾರ್ಬನ್ನಿಗಿಂತ ಅದು ಹೆಚ್ಚು ಬಾಗುವುದರಿಂದ ತುದಿ ಬಿಗಿಯಾಗಲಿಲ್ಲ. ಸ್ಪಿಗಾಟು ಒಳಗೆಷ್ಟು ಹೊರಗೆಷ್ಟು ಇರಬೇಕೆಂಬುದನ್ನು ನಾಲ್ಕೈದು ಸಲ ಕೆಡಿಸಿ ಕಂಡುಕೊಂಡಿದ್ದೇನೆ. ಆ ಅಳತೆ ಸದ್ಯಕ್ಕೆ ನನ್ನ ಬಳಿಯೇ ಇರಲಿ.

ಅಂಟಿನ ವಿಷಯದಲ್ಲಿಯೂ ಪೆಟ್ಟು ತಿಂದೆ. ಐದು ನಿಮಿಷಕ್ಕೆ ಗಟ್ಟಿಯಾಗುವ ಎಪಾಕ್ಸಿ ಏಪ್ರಿಲ್ ಬಿಸಿಲಿಗೆ ಮೆತ್ತಗಾಗಿ ಸ್ಪಿಗಾಟು ಒಳಕ್ಕೆ ಜಾರಿತು. ಒಂದು ಇಡೀ ದಿನ ಬಿಟ್ಟು ಗಟ್ಟಿಯಾಗುವ ಎಪಾಕ್ಸಿಯೇ ಸರಿ. ಕೀಲು ಸಲೀಸಾಗಿ ಬಿಚ್ಚಲೆಂದು ಒಮ್ಮೆ ಕೊಬ್ಬರಿ ಎಣ್ಣೆ ಸವರಿದ್ದಕ್ಕೆ, ಮುಂದಕ್ಕೆ ಬೀಸಿದ ಕೂಡಲೇ ತುದಿಯ ತುಂಡು ಕಳಚಿ ಲೈನಿನ ಗುಂಟ ಜಾರಿ ಫ್ಲೈ ಇದ್ದಲ್ಲಿಗೇ ಹೋಗಿ ನೀರಿಗೆ ಬಿತ್ತು. ಈಗ ಮೇಣದ ಬತ್ತಿಯನ್ನು ಒಣಗಿದ ಸ್ಪಿಗಾಟಿನ ಮೇಲೆ ಉಜ್ಜುತ್ತೇನೆ. ಅದರ ಜೊತೆಗೆ ಇನ್ನೊಂದು ಪದಾರ್ಥವನ್ನೂ ಸೇರಿಸುತ್ತೇನೆ, ಅದರ ಹೆಸರನ್ನು ಇಲ್ಲಿ ಬರೆಯುವುದಿಲ್ಲ.

ಮೇಲಿನ ತುಂಡಿನ ಬಾಯಿಗೆ ದಾರ ಸುತ್ತದೆ ಒಮ್ಮೆಯೂ ಕೂರಿಸಿ ನೋಡಬೇಡಿ. ನಾನು ನೋಡಿದೆ, ಎರಡು ಸೆಂಟಿಮೀಟರ್ ಸೀಳಿತು. ಈ ದಾರದ ಹುಡುಕಾಟದಲ್ಲಿ ಒಂದು ತಿಂಗಳು ಕಳೆದೆನಾದರೂ ಅದರ ಬಗ್ಗೆ ನನಗೆ ಬೇಸರವಿಲ್ಲ. ಹಿಂದೆ ಬಿದಿರಿನ ಫ್ಲೈ ರಾಡುಗಳಿಗೆ ರೇಷ್ಮೆ ದಾರವನ್ನೇ ಸುತ್ತುತ್ತಿದ್ದರು. ಶಿಡ್ಲಘಟ್ಟದಲ್ಲಿರುವ ನಮ್ಮ ಭಾವಮೈದನಿಗೆ ಹೇಳಿ ಅಲ್ಲಿಂದ ಹುರಿ ಮಾಡಿದ ಕಚ್ಚಾ ರೇಷ್ಮೆ ತರಿಸಿದೆ. ಮೊದಲ ಸುತ್ತಿಗೆ ಎಪಾಕ್ಸಿ ಹಿಡಿಯಲೇ ಇಲ್ಲ. ಕಚ್ಚಾ ರೇಷ್ಮೆಯ ತೂಕದಲ್ಲಿ ಸುಮಾರು ಕಾಲು ಭಾಗ ಅದರ ಸಹಜ ಅಂಟೇ ಇರುತ್ತದೆ, ಅದು ಹೋಗದೆ ಎಪಾಕ್ಸಿ ಎಳೆಯೊಳಗೆ ಇಳಿಯುವುದಿಲ್ಲ. "ಭಾವ, ಸೋಪಿನ ನೀರಲ್ಲಿ ಕುದಿಸಿ ಅಂಟು ತೆಗೀರಿ" ಎಂದು ಅವನೇ ಫೋನಿನಲ್ಲಿ ಹೇಳಿಕೊಟ್ಟ. ಹಾಗೆ ಕುದಿಸಿ, ತೊಳೆದು, ನೆರಳಿನಲ್ಲಿ ಒಣಗಿಸಿ ಸುತ್ತಿದಾಗ ದಾರ ಗಾಜಿನಂತೆ ಪಾರದರ್ಶಕವಾಗಿ ಕೂತಿತು. ಪೇಟೆಯ ನೈಲಾನ್ ದಾರಕ್ಕಿಂತ ತೆಳುವಾದ, ಅಂದವಾದ ಸುತ್ತು ಅದು. ಸೀಳಿದ್ದ ಬಾಯಿಯನ್ನೂ ಅದೇ ಹಿಡಿದು ನಿಲ್ಲಿಸಿದೆ.

ಕೊಯ್ಯುವ ಮೊದಲು ರಾಡಿನ ತೂಕ ತೊಂಬತ್ತೆರಡು ಗ್ರಾಮ್ ಇದ್ದ ನೆನಪು, ಈಗ ನೂರೊಂದೋ ನೂರೆರಡೋ. ರಾಡಿನ ಬಿಗಿ ಅಳೆಯಲು ಅಮೆರಿಕದವರು ತಮ್ಮ ಸೆಂಟ್ ನಾಣ್ಯಗಳಿಂದ ಮಾಡುವ ಪರೀಕ್ಷೆಯನ್ನು ನಾನು 2011ರಲ್ಲಿ ಬಂದ ಮಾದರಿಯ ಒಂದು ರೂಪಾಯಿ ನಾಣ್ಯಗಳಿಂದ ಮಾಡಿದೆ. ಅವು ತಲಾ 3.79 ಗ್ರಾಮ್ ತೂಗುತ್ತವೆ. ರಾಡನ್ನು ಅಡ್ಡಲಾಗಿ ಬಿಗಿದು, ತುದಿಗೆ ಚೀಲ ಕಟ್ಟಿ, ತುದಿ ಮೂರು ಅಡಿ ಇಳಿಯುವವರೆಗೆ ನಾಣ್ಯ ಹಾಕುತ್ತಾ ಹೋಗುವುದು. ಮೊದಲು ಮೂವತ್ತಮೂರು ಬೇಕಾಗಿತ್ತು, ಈಗ ಮೂವತ್ತೈದು. ಅಂದರೆ ಕೊಂಚ ಬಿಗಿಯಾಗಿದೆ, ಆದರೆ ಆರನೆಯ ನಂಬರಿನ ಲೈನನ್ನು, ಅಂದರೆ ಮೊದಲ ಮೂವತ್ತು ಅಡಿಗೆ 160 ಗ್ರೇನ್ (ಸುಮಾರು ಹತ್ತು ಗ್ರಾಮ್) ತೂಗುವುದನ್ನು, ಮೊದಲಿನಂತೆಯೇ ಹೊರುತ್ತದೆ.

ಹಾಳಾದ ಸಾಮಾನುಗಳೂ ಸೇರಿ ಕೊಯ್ದು ಜೋಡಿಸುವ ಖರ್ಚು ಎರಡೂವರೆ ಸಾವಿರವಾಗಿರಬಹುದು. ರಾಡಿನ ಬೆಲೆಯೂ ಕೂಡಿದರೆ ಆರು ಸಾವಿರ. ಕೊಳವೆ ಈಗ ಎರಡೂವರೆ ಅಡಿಯದು, ಬೆನ್ನಿನ ಚೀಲದ ಪಕ್ಕಕ್ಕೆ ಕೂರುತ್ತದೆ. ಕಾರಿರುವವರು, ಕೆರೆಯ ಪಕ್ಕದಲ್ಲೇ ಮನೆಯಿರುವವರು ಎರಡು ತುಂಡಿನದನ್ನೇ ಇಟ್ಟುಕೊಳ್ಳಲಿ ಎಂದು ಈಗಲೂ ಹೇಳುತ್ತೇನೆ: ಹಗುರ, ಒಂದೇ ಕೀಲು, ದಿನಕ್ಕೊಮ್ಮೆ ಬಿಗಿ ನೋಡಿದರೆ ಸಾಕು. ನಾಲ್ಕು ತುಂಡಿನದಾದರೆ ಗಂಟೆಗೊಮ್ಮೆ ಮೂರೂ ಕೀಲುಗಳನ್ನು ಮುಟ್ಟಿ ನೋಡುವ ಅಭ್ಯಾಸ ಬೇಕು. ಗೆಳೆಯರೊಬ್ಬರ ಆರು ತುಂಡಿನದನ್ನು ಎರಡು ದಿನ ಬೀಸಿ ನೋಡಿದೆ. ಐದು ಕೀಲುಗಳ ಭಾರ ಮಣಿಕಟ್ಟಿಗೆ ತಿಳಿಯುತ್ತದೆ, ನನಗೆ ಒಗ್ಗಲಿಲ್ಲ.

ಕಳೆದ ಪುಷ್ಯದಲ್ಲಿ, ಮೀನಿನ ಗುತ್ತಿಗೆದಾರರ ಒಪ್ಪಿಗೆ ಪಡೆದು ಹಿರಿಯರನ್ನು ಮಾರ್ಕೋನಹಳ್ಳಿಗೆ ಕರೆದೊಯ್ದೆ. ಕಣ್ಣು ಮುಚ್ಚಿಕೊಳ್ಳಲು ಹೇಳಿ, ಅವರ ಎರಡು ತುಂಡಿನ ಆರನೆಯ ನಂಬರನ್ನೂ ನನ್ನದನ್ನೂ ಒಂದೇ ರೀಲು ಹಾಕಿ ಸರದಿಯ ಮೇಲೆ ಕೈಗಿತ್ತೆ. ಐದು ಸಲದಲ್ಲಿ ಮೂರು ಸಲ ನನ್ನದನ್ನೇ ತಮ್ಮದೆಂದರು. ಅನಂತರ ಅದೇ ರಾಡಿನಲ್ಲಿ ಬೆಳಗಿನ ಹನ್ನೊಂದರೊಳಗೆ ಒಂಬತ್ತು ಜಿಲೇಬಿ ಮೀನುಗಳನ್ನೂ ಎರಡು ಕೆ.ಜಿ. ದಾಟಿದ ಒಂದು ಕೊರಮೀನನ್ನೂ ಎಳೆದರು. ಹೊರಡುವಾಗ ತಮ್ಮ ರಾಡಿನ ಕೊಳವೆಯನ್ನು ನನ್ನ ಕೈಗೆ ಕೊಟ್ಟು, "ಇದನ್ನೂ ಹಾಗೇ ಮಾಡಿಕೊಡಪ್ಪ, ರೇಷ್ಮೆ ಮಾತ್ರ ಅದೇ ಇರಲಿ" ಎಂದರು. ಅದರ ಬುಡದ ತುಂಡು ನಿನ್ನೆಯಷ್ಟೇ ಕೊಯ್ದಾಯಿತು.