ಅಮೆರಿಕದಲ್ಲಿ ಕಪ್ಪು ಸಮುದಾಯದ ಹುಡುಗನಿಗೆ ಮೆಂಟರ್ ಆಗುವುದು ಹೇಗೆ

ಮಾರ್ಟಿನ್ ಲೂಥರ್ ಕಿಂಗ್ 1944ರಲ್ಲಿ ಅಟ್ಲಾಂಟಾದ ಮೋರ್‌ಹೌಸ್ ಕಾಲೇಜು ಸೇರಿದಾಗ ಅವರಿಗೆ 15 ವರ್ಷ. ಕಾಲೇಜಿನ ಅಧ್ಯಕ್ಷ ಬೆಂಜಮಿನ್ ಮೇಸ್ ಮಂಗಳವಾರ ಮಾಡುತ್ತಿದ್ದ ಭಾಷಣ ಮುಗಿದ ಮೇಲೆ ಕಿಂಗ್, ಮೇಸ್ ಅವರ ಹಿಂದೆಯೇ ಕಚೇರಿಗೆ ಹೋಗಿ ವಾದ ಹೂಡುತ್ತಿದ್ದರು. ಮೇಸ್ ಆ ವಾದಕ್ಕೆ ಎಡೆ ಕೊಟ್ಟರು. ಗುಲಾಮರಾಗಿ ಹುಟ್ಟಿದವರ ಮಗನಾದ ಮೇಸ್ 1937ರಲ್ಲಿ ನಮ್ಮ ಮೈಸೂರಿಗೂ ಬಂದಿದ್ದರು, ವೈಎಂಸಿಎ ವಿಶ್ವ ಸಮ್ಮೇಳನಕ್ಕೆ. ಅವರಿಂದ ಕಲಿಯಬೇಕಾದ್ದು ಎರಡು: ತಪ್ಪದೆ ಸಿಗುವುದು, ಎದುರು ಮಾತಾಡಲು ಬಿಡುವುದು.

ಮಕ್ಕಳನ್ನು ಮೆಂಟರ್‌ಗಳೊಂದಿಗೆ, ಅಂದರೆ ಜೊತೆ ನಿಂತು ದಾರಿ ತೋರುವ ಹಿರಿಯರೊಂದಿಗೆ, ಜೋಡಿಸುವ ಬಿಗ್ ಬ್ರದರ್ಸ್ ಬಿಗ್ ಸಿಸ್ಟರ್ಸ್‌ನಂಥ ಸಂಸ್ಥೆಯ ಮೂಲಕವೇ ಸೇರಿ. ಸಂದರ್ಶನ, ಪೊಲೀಸ್ ದಾಖಲೆಗಳ ತಪಾಸಣೆ, ತರಬೇತಿ ಇರುತ್ತವೆ. ಒಂದು ವರ್ಷ ನಿಲ್ಲಲಾಗದಿದ್ದರೆ ಶುರುಮಾಡಲೇಬೇಡಿ. ಮೂರೇ ತಿಂಗಳಿಗೆ ಕೈಬಿಟ್ಟರೆ ಹುಡುಗನ ಆತ್ಮವಿಶ್ವಾಸ ಮೊದಲಿಗಿಂತ ಕುಗ್ಗಬಹುದು. ಮೊದಲ ವಾರಗಳಲ್ಲಿ ಮನೆಯ ಕಷ್ಟ ಕೆದಕಬೇಡಿ. ಅವನ ತಾಯಿಯನ್ನೋ ಅಜ್ಜಿಯನ್ನೋ ಕಂಡು ಮಾತಾಡಿ.

ಅಲ್ಲಿ ನೆಲೆಸಿದ ನಮ್ಮ ಭಾರತೀಯರು ಎಡವುವ ಜಾಗ ಒಂದಿದೆ. "ನಾವು ಬರಿಗೈಲಿ ಬಂದು ಮೇಲೆ ಬಂದೆವು, ನೀನೂ ಓದು" ಎನ್ನುವುದು. ಭಾರತೀಯರಿಗೆ ಬಾಗಿಲು ತೆರೆದ 1965ರ ವಲಸೆ ಕಾನೂನು ಬಂದದ್ದೇ ಅವನ ಅಜ್ಜ-ಅಜ್ಜಿಯರ ಕಾಲದ ಕಪ್ಪು ಜನರ ನಾಗರಿಕ ಹಕ್ಕುಗಳ ಹೋರಾಟದ ಬಲದಿಂದ. ಶಾಲೆ ಅವನನ್ನು ಸಸ್ಪೆಂಡ್ ಮಾಡಿದರೆ "ನೀನೇನು ಮಾಡಿದೆ?" ಎಂದು ಶುರುಮಾಡಬೇಡಿ. ಒಂದೇ ತಪ್ಪಿಗೂ ಕಪ್ಪು ಹುಡುಗರಿಗೆ ಹೆಚ್ಚು ಶಿಕ್ಷೆಯಾಗುವುದುಂಟು. ಸರ್ಕಾರಿ ಶಾಲೆಯಾದರೆ ಶಾಲೆಯವರು ಆರೋಪವನ್ನು ತಿಳಿಸಿ ಅವನ ಮಾತು ಕೇಳಲೇಬೇಕು. 1975ರಲ್ಲೇ ಅಮೆರಿಕದ ಸುಪ್ರೀಂ ಕೋರ್ಟ್ ಹಾಗೆ ಹೇಳಿದೆ. ಕಾರಣವನ್ನು ಬರಹದಲ್ಲಿ ಕೇಳಲು ತಾಯಿಗೆ ನೆರವಾಗಿ.

ಓದಿನಲ್ಲಿ ಮೊದಲು ನೋಡಬೇಕಾದ್ದು ಗಣಿತ. ಆಲ್‌ಜಿಬ್ರಾ 1 ಎಂಟನೇ ತರಗತಿಯಲ್ಲಿ ಮುಗಿದರೆ ಹನ್ನೆರಡರಲ್ಲಿ ಕ್ಯಾಲ್ಕುಲಸ್ ಸಿಗುತ್ತದೆ. ಒಂಬತ್ತಕ್ಕೆ ಜಾರಿದರೆ ಕ್ಯಾಲ್ಕುಲಸ್ ತಲುಪಲು ಒಂದೇ ವರ್ಷದಲ್ಲಿ ಎರಡು ಗಣಿತ ಕೋರ್ಸ್ ತೆಗೆದುಕೊಳ್ಳಬೇಕಾಗಬಹುದು. ಇದನ್ನು ಶಾಲೆಯಲ್ಲಿ ಕೋರ್ಸ್ ಆಯ್ಕೆಗೆ ಸಲಹೆ ಕೊಡುವ ಕೌನ್ಸೆಲರ್ ತಾವಾಗಿ ಹೇಳುತ್ತಾರೆಂದು ಕಾಯಬೇಡಿ. ಹನ್ನೆರಡನೇ ತರಗತಿಯಲ್ಲಿ ಆರ್ಥಿಕ ನೆರವಿನ ಫಾಫ್ಸಾ ಅರ್ಜಿ: ಹುಡುಗನಿಗೂ ಪೋಷಕರಿಗೂ ಬೇರೆ ಬೇರೆ ಖಾತೆ ಬೇಕು, ಅರ್ಜಿ ಸಿಕ್ಕಿಕೊಳ್ಳುವುದು ಸಾಮಾನ್ಯವಾಗಿ ಪೋಷಕರ ಖಾತೆಯಲ್ಲೇ. ಹಲವು ಕಾಲೇಜುಗಳಿಗೆ ಒಂದೇ ಕಡೆ ಅರ್ಜಿ ಹಾಕುವ ಕಾಮನ್ ಆ್ಯಪ್‌ನ ಪ್ರಬಂಧಕ್ಕೆ 650 ಪದಗಳ ಮಿತಿ. ನೀವು ಬರೆದುಕೊಡಬೇಡಿ, ಕಷ್ಟದ ಕಥೆಯನ್ನೇ ಹೇಳು ಎಂದು ಒತ್ತಾಯಿಸಲೂ ಬೇಡಿ. ಅವನಿಗೆ ಪಕ್ಷಿಗಳ ಹುಚ್ಚಿದ್ದರೆ ಪಕ್ಷಿಗಳ ಬಗ್ಗೆ ಬರೆಯಲಿ. ಕಾಲೇಜುಗಳ ನೆರವಿನ ಪತ್ರ ಬಂದಾಗ ಅನುದಾನ ಎಷ್ಟು, ಸಾಲ ಎಷ್ಟು ಎಂದು ಬೇರೆ ಬೇರೆ ಕೂಡಿ ನೋಡಿ.

ನಾಯಕತ್ವ ಭಾಷಣದಿಂದ ಬರುವುದಿಲ್ಲ, ಹೊಣೆಯಿಂದ ಬರುತ್ತದೆ. ಕಿರಿಯ ಮಕ್ಕಳಿಗೆ ಒಂದು ಶನಿವಾರದ ಆಟ ಅಥವಾ ಓದು ನಡೆಸಲು 50 ಡಾಲರ್ ಮತ್ತು ದಿನಾಂಕ ಅವನ ಕೈಗೆ ಕೊಡಿ. ಫೋನ್ ಮಾಡುವುದು, ಕೊಳ್ಳುವುದು, ಲೆಕ್ಕ ಬರೆಯುವುದು ಅವನದೇ. ನಾಲ್ಕೇ ಮಕ್ಕಳು ಬಂದರೂ ನೀವು ನಡುವೆ ಕೈ ಹಾಕಬೇಡಿ. ಮುಗಿದ ಮೇಲೆ ಹದಿನೈದು ನಿಮಿಷ ಕೂತು, ಮುಂದಿನ ಸಲ ಏನು ಬದಲಿಸುತ್ತೀಯ ಎಂದಷ್ಟೇ ಕೇಳಿ.

ಕಾಲೇಜಿನ ಮೊದಲ ಸೆಮಿಸ್ಟರ್ ಮುಗಿಯುವ ಡಿಸೆಂಬರ್ ತನಕ ವಾರದ ಫೋನ್ ನಿಲ್ಲಿಸಬೇಡಿ. ಅಷ್ಟರಲ್ಲಿ ಅವನು ಕನಿಷ್ಠ ಒಬ್ಬ ಪ್ರೊಫೆಸರ್ ಬಳಿ ಆಫೀಸ್ ಅವರ್ಸ್‌ಗೆ, ಅಂದರೆ ವಿದ್ಯಾರ್ಥಿಗಳನ್ನು ಕಾಣಲು ಅವರು ಮೀಸಲಿಟ್ಟ ವೇಳೆಗೆ, ಹೋಗಿ ಮಾತಾಡಿರಬೇಕು.