ಹಿತ್ತಲಿಗೆ ಬಂದ ಹಕ್ಕಿ ಪಂಜರದ್ದೋ, ಕಾಡಿನದೋ?

ಚಿಕ್ಕಮಗಳೂರು, ಮೂಡಿಗೆರೆ ಸೀಮೆಯ ಹಿತ್ತಲಿಗೆ ಗುರುತಿಲ್ಲದ ಹಕ್ಕಿಯೊಂದು ಬಂದು ಕುಳಿತರೆ, ಹಿಡಿಯಬೇಕೇ ಬಿಡಬೇಕೇ ಎಂಬ ಪ್ರಶ್ನೆಗಿಂತ ಮೊದಲು ಅದು ಯಾವ ಹಕ್ಕಿ ಎಂಬುದು ಇತ್ಯರ್ಥವಾಗಬೇಕು. ನಮ್ಮ ಕಾಡಿನ ಗಿಳಿಯನ್ನು ಯಾರೋ ಸಾಕಿದ್ದೆಂದು ಹಿಡಿದಿಟ್ಟುಕೊಂಡರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ; ಪಂಜರದಿಂದ ತಪ್ಪಿಸಿಕೊಂಡದ್ದನ್ನು ಕಾಡಿನದೆಂದು ಬಿಟ್ಟುಬಿಟ್ಟರೆ ಅದು ಕಾಗೆಗಳ ಪಾಲಾಗಬಹುದು, ಇಲ್ಲವೇ ಮಲೆನಾಡಿನ ಮಳೆಯಲ್ಲಿ ನೆನೆದು ಸಾಯಬಹುದು.

ಪೇಟೆಯಲ್ಲಿ ‘ಲವ್ ಬರ್ಡ್ಸ್’ ಎಂದು ಮಾರುವ ಹಕ್ಕಿಗಳಲ್ಲಿ ಹೆಚ್ಚಿನವು ಆಸ್ಟ್ರೇಲಿಯಾ ಮೂಲದ ಬಜರಿಗರ್‌ಗಳು. ಉದ್ದ ಸುಮಾರು 18 ಸೆಂಟಿಮೀಟರ್. ಬೆನ್ನು ಮತ್ತು ರೆಕ್ಕೆಗಳ ಮೇಲೆ ಅಲೆಯಂತಹ ಕಪ್ಪು ಗೆರೆಗಳಿರುತ್ತವೆ. ನೀಲಿ, ಬಿಳಿ, ಅಚ್ಚ ಹಳದಿ ಬಜರಿಗರ್‌ಗಳು ಸಾಕಣೆಯಲ್ಲಿ ಹುಟ್ಟಿದ ಬಣ್ಣಗಳಾದ್ದರಿಂದ ಅವುಗಳ ವಿಷಯದಲ್ಲಿ ಅನುಮಾನವೇ ಬೇಡ. ತಲೆಯ ಮೇಲೆ ಜುಟ್ಟು, ಕೆನ್ನೆಯಲ್ಲಿ ಕಿತ್ತಳೆ ಬೊಟ್ಟು ಇರುವ ಕಾಕಟೀಲ್ ಕೂಡ ಆಸ್ಟ್ರೇಲಿಯಾದ್ದೇ. ನಿಜವಾದ ಲವ್ ಬರ್ಡ್ ಆಫ್ರಿಕಾ ಮೂಲದ, ಮೊಂಡು ಬಾಲದ, ಗಿಡ್ಡ ಮೈಯ ಗಿಳಿ.

ತೊಡಕು ಬರುವುದು ಹಸಿರು ಹಕ್ಕಿಗಳಲ್ಲಿ. ಕಾಫಿ ತೋಟದ ನೆರಳಿಗೆ ಬೆಳೆಸಿದ ಹಾಲವಾಣ ಹೂಬಿಟ್ಟಾಗ ಮಕರಂದಕ್ಕೆ ಬರುವ, 14 ಸೆಂಟಿಮೀಟರ್ ಉದ್ದದ, ಕೆಂಪು ಕೊಕ್ಕು ಹಾಗೂ ಬೆನ್ನಿನ ಕೆಳಭಾಗದಲ್ಲಿ ಕೆಂಪು ಬಣ್ಣವಿರುವ ಪುಟ್ಟ ಗಿಳಿಯೊಂದು ನಮ್ಮ ಕಾಡಿನದೇ. ಅದು ಬಾವಲಿಯ ಹಾಗೆ ತಲೆಕೆಳಗಾಗಿ ಜೋತುಬಿದ್ದು ಮಲಗುತ್ತದೆ. ಇದನ್ನು ಮೊದಲ ಸಲ ಕಂಡಾಗ ಯಾರದೋ ಲವ್ ಬರ್ಡ್ ಕೊಂಬೆಗೆ ಕಾಲು ಸಿಕ್ಕಿಸಿಕೊಂಡಿದೆ ಎಂದು ಭಾವಿಸಿ ನಾನು ಏಣಿ ತಂದಿದ್ದೆ; ಏಣಿ ಒರಗಿಸುವಷ್ಟರಲ್ಲಿ ಅದು ಹಾರಿಹೋಯಿತು. ಪಶ್ಚಿಮಘಟ್ಟಕ್ಕೇ ಸೀಮಿತವಾದ ನೀಲಿ ರೆಕ್ಕೆಯ ಗಿಳಿಗೆ ಬೂದು ತಲೆ ಮತ್ತು ತುದಿ ಹಳದಿಯಾದ ಬಾಲವಿದ್ದರೆ, ಕೆಂದಲೆ ಗಿಳಿಯ ಬಾಲದ ತುದಿ ಬಿಳಿ. ನೇರಳೆಗೆಂಪು ತಲೆ ಕೆಂದಲೆಯ ಗಂಡಿಗೆ ಮಾತ್ರ ಇರುವುದರಿಂದ, ಬೂದು ತಲೆಯ ಹೆಣ್ಣನ್ನು ಬಾಲ ನೋಡದೆ ಗುರುತಿಸಲು ಹೊರಟರೆ ತಪ್ಪುವುದೇ ಹೆಚ್ಚು. ಎಲೆಗಳ ನಡುವೆ ಕಾಣದೆ ‘ಕುಟ್ರೂ ಕುಟ್ರೂ’ ಎಂದು ಕೂಗುವ ಹಸಿರು ಹಕ್ಕಿ ಗಿಳಿಯ ಜಾತಿಯದೇ ಅಲ್ಲ.

ಬಣ್ಣದಿಂದ ತೀರ್ಮಾನವಾಗದಿದ್ದರೆ ಕಾಲು, ಗರಿ, ನಡತೆ ಈ ಮೂರನ್ನು ನೋಡಬೇಕು, ಮತ್ತು ಅದಕ್ಕೆ ದುರ್ಬೀನು ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಮೊಬೈಲಿನಲ್ಲಿ ಚಿತ್ರ ತೆಗೆದು ಹಿಗ್ಗಿಸಿ ನೋಡಿದರೂ ಸಾಕು. ಕಾಲಿನಲ್ಲಿ ಉಂಗುರ, ಕತ್ತರಿಸಿದಂತೆ ಸಮನಾಗಿ ಮೊಟಕಾದ ರೆಕ್ಕೆಗರಿ, ತಂತಿಗೆ ಉಜ್ಜಿ ಸವೆದ ಬಾಲ, ಅತಿಯಾಗಿ ಬೆಳೆದ ಉಗುರು ಇವೆಲ್ಲ ಪಂಜರದ ಗುರುತುಗಳು. ತಪ್ಪಿಸಿಕೊಂಡ ಹಕ್ಕಿ ಮನುಷ್ಯರಿಗೆ ಹೆದರದೆ ಹತ್ತಿರ ಬರುತ್ತದೆ, ಬಟ್ಟೆ ಒಣಹಾಕುವ ಹಗ್ಗದಂತಹ ತಗ್ಗಿನ ಜಾಗದಲ್ಲಿ ಕೂರುತ್ತದೆ, ಒಂಟಿಯಾಗಿರುತ್ತದೆ ಅಥವಾ ಗುಬ್ಬಿಗಳ ಗುಂಪಿಗೆ ಸೇರಿಕೊಳ್ಳುತ್ತದೆ. ಆದರೆ ನೆಲದಲ್ಲಿ ಕುಪ್ಪಳಿಸುತ್ತಿರುವ ಮೊಂಡು ಬಾಲದ ಮರಿಯನ್ನು ಕಂಡೊಡನೆ ಈ ಲೆಕ್ಕಕ್ಕೆ ಸೇರಿಸಬಾರದು. ಅದು ಗೂಡು ಬಿಟ್ಟು ಹಾರಲು ಕಲಿಯುತ್ತಿರುವ ಕಾಡುಹಕ್ಕಿಯ ಮರಿಯಾಗಿರುವ ಸಾಧ್ಯತೆಯೇ ಹೆಚ್ಚು, ತಾಯಿ ಹತ್ತಿರದಲ್ಲೇ ಇರುತ್ತದೆ.

ಸಾಕಿದ್ದೇ ಎಂದು ಖಚಿತವಾದರೆ ಅಟ್ಟಿಸಿಕೊಂಡು ಹೋಗಬೇಡಿ. ಬಾಗಿಲು ತೆರೆದ ಪಂಜರದಲ್ಲಿ ನವಣೆ ಮತ್ತು ನೀರನ್ನಿಟ್ಟು, ಹಕ್ಕಿಗೆ ಕಾಣುವ ಎತ್ತರದಲ್ಲಿರಿಸಿ ದೂರ ನಿಲ್ಲಿ. ಮನೆಯ ನಾಯಿ, ಬೆಕ್ಕುಗಳನ್ನು ಒಳಗೆ ಕಟ್ಟಿ. ಕತ್ತಲಾದ ಮೇಲೆ ಅದು ಸಾಮಾನ್ಯವಾಗಿ ಕೂತ ಜಾಗ ಬಿಡುವುದಿಲ್ಲವಾದ್ದರಿಂದ ಸಂಜೆ ಕುಳಿತ ಕೊಂಬೆಯನ್ನು ಗುರುತಿಟ್ಟುಕೊಂಡರೆ ಬೆಳಗಿನ ಜಾವ ಹುಡುಕುವುದು ಸುಲಭ. ಕೈಗೆ ಸಿಕ್ಕರೆ ತೆಳುವಾದ ಟವೆಲ್ಲಿನಿಂದ ಮುಚ್ಚಿ, ಎದೆಯನ್ನು ಅದುಮದೆ ಎತ್ತಿ, ತೂತು ಮಾಡಿದ ರಟ್ಟಿನ ಡಬ್ಬಿಯಲ್ಲಿಡಿ. ಕೊಕ್ಕಿಗೆ ನೀರು ಹುಯ್ಯುವ ಅಭ್ಯಾಸ ನಮ್ಮಲ್ಲಿ ಬಹಳ. ಅದು ಶ್ವಾಸನಾಳಕ್ಕೆ ಇಳಿದು ಹಕ್ಕಿ ಸಾಯಬಹುದು.

ರೆಕ್ಕೆ ಕತ್ತರಿಸಿದ ನಮ್ಮ ನಾಡಿನ ಗಿಳಿಯೇ ಸಿಕ್ಕಿದರೆ ಒಡೆಯನನ್ನು ಹುಡುಕುವ ಗೋಜಿಗೆ ಹೋಗದೆ ಅರಣ್ಯ ಇಲಾಖೆಗೆ ತಿಳಿಸಿ, ಏಕೆಂದರೆ ಅದನ್ನು ಸಾಕುವುದಕ್ಕೇ ಕಾನೂನಿನಲ್ಲಿ ಅವಕಾಶವಿಲ್ಲ. ಇಲಾಖೆಯ ಸಹಾಯವಾಣಿ 1926.

ಹಿತ್ತಲಿನ ಇತರ ಜೀವಿಗಳಲ್ಲಿಯೂ ಇದೇ ಎಚ್ಚರಿಕೆ ಬೇಕು. ಕಟ್ಟೆಯ ಮೇಲೆ ಕಾಫಿ ಬೀಜ ಕೂಡಿದ ಹಿಕ್ಕೆ ಕಂಡರೆ ರಾತ್ರಿ ಪುನುಗು ಬೆಕ್ಕು ಬಂದಿತ್ತೆಂದು ತಿಳಿಯಬಹುದು. ಅದಕ್ಕೆ ಏನೂ ಮಾಡಬೇಕಿಲ್ಲ. ಕಣ್ಣಿನ ಹಿಂದೆ ಕೆಂಪು ಪಟ್ಟೆಯಿರುವ ಆಮೆ ಮಾತ್ರ ಅಮೆರಿಕ ಮೂಲದ, ಯಾರೋ ಸಾಕಿ ಬೇಸತ್ತು ಬಿಟ್ಟ ಪ್ರಾಣಿ. ಅದನ್ನು ಕರುಣೆಯಿಂದ ಕೆರೆಗೆ ಬಿಟ್ಟರೆ ನಮ್ಮ ಆಮೆಗಳ ಆಹಾರಕ್ಕೂ ಬಿಸಿಲು ಕಾಯಿಸುವ ಕಲ್ಲಿಗೂ ಪೈಪೋಟಿ ಒಡ್ಡುತ್ತದೆ. ಇಲಾಖೆಯವರು ಬರುವವರೆಗೆ ಅಗಲವಾದ ಬಾನಿಯಲ್ಲಿ ಸ್ವಲ್ಪ ನೀರು ಹಾಕಿ ಇಟ್ಟುಕೊಳ್ಳಿ.