ಮಳೆಗಾಲದಲ್ಲಿ ಗೆಜ್ಜೆ ಕೇಳಿಸುವುದಿಲ್ಲ: ಕಣ್ಣು ಕಾಣದ ತಾಯಿಯ ಅನುಭವ

ನನಗೆ ಎರಡೂ ಕಣ್ಣು ಕಾಣುವುದಿಲ್ಲ. ತೀರ್ಥಹಳ್ಳಿ ಕಡೆಯ ತೋಟದ ಮನೆಯಲ್ಲಿ ಇಬ್ಬರು ಮಕ್ಕಳನ್ನು ಬೆಳೆಸಿದ್ದೇನೆ. ಮಗು ಸಾಕುವ ಕೆಲಸವನ್ನು ಮೂರು ಪಾಲು ಮಾಡಿಕೊಂಡಿದ್ದೆ: ಬೆರಳಿಗೆ ಸಿಗುವುದು, ಕಿವಿಗೆ ಸಿಗುವುದು, ಇನ್ನೊಬ್ಬರ ಕಣ್ಣೇ ಬೇಕಾದದ್ದು. ಮೂರನೆಯ ಪಾಲು ಊರವರು ಅಂದುಕೊಂಡದ್ದಕ್ಕಿಂತ ಬಹಳ ಚಿಕ್ಕದು. ಆದರೆ ಅದರಲ್ಲಿ ಏನೇನಿದೆ ಎಂದು ಹೆರಿಗೆಗೆ ಮೊದಲೇ ಗೊತ್ತು ಮಾಡಿಕೊಂಡಿರಬೇಕು.

ಅದರಲ್ಲಿ ಮೊದಲನೆಯದು ಎಳೆಗೂಸಿನ ಕಾಮಾಲೆ. ಅದು ಬೆರಳಿಗೆ ಸಿಗುವುದಿಲ್ಲ. ಆಷಾಢದ ಮಬ್ಬಿನಲ್ಲಿ, ಬಾಣಂತಿ ಕೋಣೆಯ ಬಲ್ಬಿನ ಬೆಳಕಿನಲ್ಲಿ ಕಣ್ಣಿದ್ದವರಿಗೂ ತಿಳಿಯುವುದು ಕಷ್ಟ. ಮೊದಲ ಎರಡು ವಾರ ದಿನಕ್ಕೊಮ್ಮೆ ಹಗಲು ಹೊತ್ತಿನಲ್ಲಿ ಮಗುವನ್ನು ಜಗಲಿಗೆ ತಂದು ತೋರಿಸಬೇಕು. "ಅತ್ತೆ, ಮಗು ಹೇಗಿದೆ?" ಎಂದರೆ "ಚೆನ್ನಾಗಿದೆ ಕಣೇ" ಎಂಬ ಉತ್ತರವೇ ಬರುತ್ತದೆ. "ಕಣ್ಣಿನ ಬಿಳಿ ಯಾವ ಬಣ್ಣ? ಎದೆಯ ಚರ್ಮ ಒತ್ತಿ ಬಿಟ್ಟರೆ ಹಳದಿ ಕಾಣುತ್ತದಾ? ಅಂಗೈ, ಅಂಗಾಲು?" ಎಂದು ಒಂದೊಂದನ್ನೇ ಕೇಳಬೇಕು. ಅಂಗೈ, ಅಂಗಾಲು ಹಳದಿಯಾಗಿದ್ದರೆ ಅಥವಾ ಹುಟ್ಟಿದ ಮೊದಲ ದಿನವೇ ಹಳದಿ ಕಂಡರೆ ನಾಳೆಗೆ ಇಡಬಾರದು, ಆಗಲೇ ಆಸ್ಪತ್ರೆ. ಮಲದಲ್ಲಿ ರಕ್ತ, ನೀಲಿಗಟ್ಟಿದ ತುಟಿ, ಕೆಂಪು ಕಣ್ಣು ಇವೂ ಇದೇ ಪಾಲಿನವು.

ಔಷಧಿ ಮಾತ್ರ ಪೂರ್ತಿ ಬೆರಳಿನ ಕೆಲಸ. ಸೂಜಿಯಿಲ್ಲದ 5 ಎಂ.ಎಲ್. ಸಿರಿಂಜು ತೆಗೆದುಕೊಳ್ಳಿ. ಡಾಕ್ಟರು 2.5 ಎಂ.ಎಲ್. ಎಂದಿದ್ದರೆ ಔಷಧಿ ಅಂಗಡಿಯವರ ಹತ್ತಿರವೇ ಅಷ್ಟಕ್ಕೆ ಎಳೆಸಿ, ಒಳಗಿನ ಕಡ್ಡಿ ಕೊಳವೆಯ ಬಾಯಿಂದ ಹೊರಬರುವ ಜಾಗದಲ್ಲಿ ಬ್ಲೇಡಿನಿಂದ ಗೀರು ಹಾಕಿಸಬೇಕು. ಕಡ್ಡಿಗೆ ನಾಲ್ಕು ಏಣು ಇರುತ್ತವೆ. ಒಂದಕ್ಕೆ ಮಾತ್ರ ಗೀರು ಹಾಕಬೇಕು, ನಾಲ್ಕಕ್ಕೂ ಹಾಕಿದರೆ ಅಲ್ಲೇ ಮುರಿಯುತ್ತದೆ. ಮನೆಯಲ್ಲಿ ಸಣ್ಣ ಅರದಿಂದ ಗೀರನ್ನು ಉಗುರು ಕೂರುವಷ್ಟು ಆಳ ಮಾಡಿಕೊಂಡರೆ ಸಾಕು. ಒಂದು ಸಿರಿಂಜಿಗೆ ಒಂದೇ ಗೀರು. ಮಗುವಿನ ತೂಕ ಏರಿ ಪ್ರಮಾಣ ಬದಲಾದ ದಿನ ಹಳೆಯದನ್ನು ಎಸೆದುಬಿಡಿ. ಎರಡು ಗೀರು ಇದ್ದರೆ ನಡುರಾತ್ರಿಯಲ್ಲಿ ಬೆರಳು ತಪ್ಪು ಗೀರಿಗೇ ಹೋಗುತ್ತದೆ.

ಇಲ್ಲಿ ಎಡವಟ್ಟಾಗುವುದು ಗಾಳಿಯಿಂದ. ಬಾಟಲಿಗೆ ನೇರವಾಗಿ ಹಾಕಿ ಎಳೆದರೆ ಅರ್ಧ ಗಾಳಿಯೇ ಬರುತ್ತದೆ. ಔಷಧಿಯನ್ನು ಸಣ್ಣ ಬಟ್ಟಲಿಗೆ ಬಗ್ಗಿಸಿ, ಸಿರಿಂಜಿನ ತುದಿ ತಳ ಮುಟ್ಟಿಸಿ ಮೆಲ್ಲಗೆ ಎಳೆಯಬೇಕು. ತುದಿ ಮೇಲೆ ಮಾಡಿ, ಬೆರಳಿಟ್ಟು ತಳ್ಳಿದರೆ ಗಾಳಿ ಹೋಗಿ ಔಷಧಿ ಬೆರಳಿಗೆ ಅಂಟುತ್ತದೆ. ಆಮೇಲೆ ಮತ್ತೆ ಅದ್ದಿ ಗೀರಿನವರೆಗೆ ಎಳೆಯಬೇಕು. ಕುಡಿಸುವಾಗ ಗಂಟಲಿಗೆ ನೇರವಾಗಿ ಬಿಡದೆ ಕೆನ್ನೆಯ ಒಳಬದಿಗೆ ಬಿಟ್ಟರೆ ನೆತ್ತಿಗೆ ಹತ್ತುವುದಿಲ್ಲ.

ಪ್ಯಾರಾಸಿಟಮಾಲ್ ವಿಷಯದಲ್ಲಿ ಬಹಳ ಎಚ್ಚರ ಬೇಕು. ಹನಿ ಔಷಧಿಯಲ್ಲಿ ಸಾಮಾನ್ಯವಾಗಿ 1 ಎಂ.ಎಲ್.ಗೆ 100 ಮಿ.ಗ್ರಾಂ., ಸಿರಪ್ಪಿನಲ್ಲಿ 5 ಎಂ.ಎಲ್.ಗೆ 120 ಅಥವಾ 125, ದೊಡ್ಡ ಮಕ್ಕಳದರಲ್ಲಿ 5 ಎಂ.ಎಲ್.ಗೆ 250. ಸಿರಪ್ಪಿನ ಅಳತೆಯಲ್ಲಿ ಹನಿ ಔಷಧಿ ಕೊಟ್ಟರೆ ನಾಲ್ಕು ಪಟ್ಟು ಒಳಹೋಗುತ್ತದೆ. ಅದಕ್ಕೇ ನಮ್ಮ ಮನೆಯಲ್ಲಿ ಒಂದು ಸಲಕ್ಕೆ ಒಂದೇ ಬಗೆಯ ಪ್ಯಾರಾಸಿಟಮಾಲ್. ಬಾಟಲಿಗೂ ಅದರ ಸಿರಿಂಜಿಗೂ ಒಂದೊಂದು ರಬ್ಬರ್ ಬ್ಯಾಂಡು. ಕೆಮ್ಮಿನ ಔಷಧಿಗೆ ಎರಡೆರಡು. ಪುಡಿಗೆ ನೀರು ಬೆರೆಸುವ ಔಷಧಿಯನ್ನು ಅಂಗಡಿಯಲ್ಲೇ ಬೆರೆಸಿ ಕೊಡಲು ಹೇಳುತ್ತೇನೆ. ಭೇದಿಯಾದಾಗ ನೀರಿಗೆ ಕಲಸಿ ಕುಡಿಸುವ ಓ.ಆರ್.ಎಸ್. ಪೊಟ್ಟಣದಲ್ಲೂ 200 ಎಂ.ಎಲ್. ನೀರಿನದು, 1 ಲೀಟರಿನದು ಎಂದು ಇವೆ. ದೊಡ್ಡದು ಕೈಗೆ ಭಾರ, ಸುಮಾರು 21 ಗ್ರಾಂ. ದೊಡ್ಡ ಪೊಟ್ಟಣವನ್ನೇ ತಂದು 1 ಲೀಟರಿನ ಬಾಟಲಿಯಲ್ಲೇ ಕಲಸಿದರೆ ಗೊಂದಲವಿಲ್ಲ. ಭೇದಿಯಲ್ಲಿ ನೀರು ಕಡಿಮೆಯಾದದ್ದನ್ನು ಬೆರಳೇ ಹೇಳುತ್ತದೆ: ಒಣಗಿದ ನಾಲಿಗೆ, ಗುಳಿಬಿದ್ದ ನೆತ್ತಿ, ಒದ್ದೆಯಾಗದ ಲಂಗೋಟಿ.

ಸ್ನಾನಕ್ಕೆ ನಮ್ಮ ಅಜ್ಜಿಯರ ಕ್ರಮವೇ ಸರಿ. ಕಾಲು ನೀಡಿ ಕೂತು ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡರೆ ತಲೆ ಎಲ್ಲಿದೆ, ಮೂಗು ಎಲ್ಲಿದೆ ಎಂದು ಮೈಗೇ ಗೊತ್ತಿರುತ್ತದೆ. ಎಣ್ಣೆ ಹಚ್ಚಿದ ಮಗು ಜಾರುತ್ತದೆ. ಕಾಲ ಮೇಲೆ ಒದ್ದೆ ಹತ್ತಿಬಟ್ಟೆ ಹಾಸಿಕೊಳ್ಳಬೇಕು. ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಹಂಡೆಯ ಬಿಸಿನೀರು, ಯಾವತ್ತೂ ಇದೇ ಕ್ರಮ. ಇಷ್ಟು ಚೊಂಬಿಗೆ ಇಷ್ಟು ಚೊಂಬು ಎಂಬ ಲೆಕ್ಕವನ್ನು ನಂಬಬೇಡಿ, ಹಂಡೆಯ ಉರಿ ದಿನವೂ ಒಂದೇ ತರ ಇರುವುದಿಲ್ಲ. ಕೈಯಿಂದ ತಳದವರೆಗೆ ಕದಡಿ ಮೊಣಕೈ ಅದ್ದಿ ನೋಡಬೇಕು.

ಅಂಬೆಗಾಲಿಡುವ ಮಗುವಿಗೆ ಗೆಜ್ಜೆ ಕಟ್ಟುವುದು ಎಲ್ಲರಿಗೂ ಗೊತ್ತು. ಪ್ರತಿ ಸಂಜೆ ಒಂದೊಂದು ಗೆಜ್ಜೆಯನ್ನೂ ಎಳೆದು ನೋಡಬೇಕು ಎಂಬುದು ಅಷ್ಟು ಗೊತ್ತಿಲ್ಲ. ಸಡಿಲವಾದ ಕಾಳು ಬಾಯಿಗೆ ಹೋದರೆ ಉಸಿರು ಕಟ್ಟುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೆಜ್ಜೆಯ ಭರವಸೆಯೇ ಬೇಡ. ತಗಡಿನ ಮೇಲೆ ಜಡಿಮಳೆ ಬೀಳುವಾಗ ಪಕ್ಕದಲ್ಲಿ ಕೂತವರ ಮಾತೇ ಕೇಳಿಸುವುದಿಲ್ಲ. ಆಗ ಕಿವಿಯ ಕೆಲಸವನ್ನು ಬಾಗಿಲಿಗೆ ಒಪ್ಪಿಸಬೇಕು. ನಡುಮನೆಯ ಬಾಗಿಲಿಗೆ ಅಡಿಕೆ ದಬ್ಬೆಯ (ಸೀಳಿದ ಅಡಿಕೆ ಮರದ ಪಟ್ಟಿಯ) ಅರ್ಧ ಬಾಗಿಲು ಮಾಡಿಸಿದ್ದೇವೆ: ಸೊಂಟದೆತ್ತರ, ದಬ್ಬೆಗಳ ನಡುವೆ ಮೂರು ಬೆರಳಿಗಿಂತ ಕಡಿಮೆ ಸಂದಿ, ಅಗುಳಿ ಹೊರಗಡೆಗೆ. ದಬ್ಬೆಯ ಸಿಬಿರನ್ನು ಕತ್ತಿಯಿಂದ ಚೆನ್ನಾಗಿ ಹೆರೆಸಬೇಕು. ಬಾವಿಗೆ ಕಬ್ಬಿಣದ ಜಾಲರಿ, ಬೀಗ. ಬಚ್ಚಲಿನಲ್ಲಿ ತುಂಬಿಟ್ಟ ಬಕೆಟ್ಟು ಇರಕೂಡದು. ಮಳೆ ಜೋರಾದಾಗ ಮಗು ಒಂದೋ ಆ ಬಾಗಿಲೊಳಗೆ, ಇಲ್ಲವೇ ಸೀರೆಯಲ್ಲಿ ನನ್ನ ಬೆನ್ನಿಗೆ. ಬೆನ್ನಿಗೆ ಕಟ್ಟಿಕೊಂಡರೆ ಒಂದು ಕೈ ಬಿಳಿಕೋಲಿಗೆ, ಇನ್ನೊಂದು ಗೋಡೆಗೆ. ಹಾಗೆ ಕಟ್ಟಿಕೊಂಡು ಒಬ್ಬಳೇ ಸಂಕ, ಅಂದರೆ ಹಳ್ಳದ ಮೇಲಿನ ಮರದ ಕಾಲುಸೇತುವೆ, ದಾಟುವುದಿಲ್ಲ. ಪಾಚಿಗಟ್ಟಿದ ಮರದ ಮೇಲೆ ಕೋಲೂ ಜಾರುತ್ತದೆ.

ಮಳೆಗಾಲ ಕಳೆದರೆ ಉಣುಗಿನ (ಉಣ್ಣೆಯ) ಚಿಂತೆ. ಅದು ಕಚ್ಚಿದರೆ ಬರುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದೇ ನಮ್ಮ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ನವೆಂಬರಿನಿಂದ ಮೇ ತನಕ ಮಕ್ಕಳು ತೋಟ, ಸೊಪ್ಪಿನ ಬೆಟ್ಟದಿಂದ ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ, ಒದ್ದೆ ಬೆರಳಲ್ಲಿ ಮೈ ತಡಕುತ್ತೇನೆ: ಕಿವಿಯ ಹಿಂದೆ, ಕೂದಲ ಬುಡ, ಕಂಕುಳು, ಚಡ್ಡಿಯ ಪಟ್ಟಿ ಕೂರುವ ಜಾಗ, ತೊಡೆಸಂದು, ಮಂಡಿಯ ಹಿಂದೆ. ಮರಿ ಉಣುಗು ಎಳ್ಳಿಗಿಂತ ಚಿಕ್ಕದು, ಬೆರಳ ತುದಿಗಿಂತ ಉಗುರಿಗೆ ಬೇಗ ಸಿಗುತ್ತದೆ. ಮಚ್ಚೆ ಅಲುಗುವುದಿಲ್ಲ, ಇದು ಸ್ವಲ್ಪ ಅಲುಗುತ್ತದೆ. ಆದರೂ ತೀರಾ ಸಣ್ಣವು ತಪ್ಪಿಹೋಗುತ್ತವೆ, ಇಲ್ಲೂ ಒಮ್ಮೆ ಬೇರೆಯವರ ಕಣ್ಣು ಬೇಕು. ಆ ತಿಂಗಳುಗಳಲ್ಲಿ ಜ್ವರ ಬಂದರೆ ಕಾಡಿಗೆ ಹೋದದ್ದನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮೊದಲೇ ಹೇಳಬೇಕು. ಉಂಬಳಕ್ಕೆ (ಜಿಗಣೆಗೆ) ಇಷ್ಟು ಹೆದರಬೇಕಿಲ್ಲ; ಬಿಟ್ಟ ಮೇಲೂ ರಕ್ತ ಸೋರುತ್ತಿರುತ್ತದೆ, ಅಂಟಂಟು ಒದ್ದೆಯಿಂದ ಕೈಗೆ ತಿಳಿಯುತ್ತದೆ, ಬಟ್ಟೆ ಒತ್ತಿ ಹಿಡಿದರೆ ನಿಲ್ಲುತ್ತದೆ.

ಕಣ್ಣು ಕಾಣದ ತಾಯಂದಿರಿಗೆ ಸರ್ಕಾರದ ಶಿಶುಪಾಲನಾ ಭತ್ಯೆ ಇದೆ. ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಬಸುರಿಯಿದ್ದಾಗಲೇ ಕಂಡು, ಅಂಗವಿಕಲರ ಗುರುತಿನ ಚೀಟಿ ಸರಿ ಮಾಡಿಸಿಕೊಂಡಿರಿ.

ಮಾತು ಬರುವ ಹೊತ್ತಿಗೆ ಮಕ್ಕಳಿಗೆ ಎರಡು ರೂಢಿ ಮಾಡಿಸಿದೆ. ಕರೆದರೆ ತಲೆಯಾಡಿಸದೆ "ಇಲ್ಲಿದೀನಿ ಅಮ್ಮ" ಎನ್ನಬೇಕು. ಏನನ್ನಾದರೂ ತೋರಿಸಬೇಕಿದ್ದರೆ ನನ್ನ ಕೈ ಹಿಡಿದು ಅದರ ಮೇಲಿಡಬೇಕು. ಅದಕ್ಕಿಂತ ಹೆಚ್ಚಿನದನ್ನು ಅವರಿಂದ ಕೇಳುವುದಿಲ್ಲ. ದಾರಿ ತೋರಿಸುವುದು ಮಕ್ಕಳ ಕೆಲಸವಲ್ಲ. ತೀರ್ಥಹಳ್ಳಿಯ ಬಸ್‌ಸ್ಟ್ಯಾಂಡಿನಲ್ಲಿ ಯಾವ ಬಸ್ಸು ಎಂದು ಈಗಲೂ ಕಂಡಕ್ಟರನ್ನೇ ಕೇಳುತ್ತೇನೆ, ಅಕ್ಷರ ಕಲಿತ ಮಗಳು ಪಕ್ಕದಲ್ಲೇ ನಿಂತಿದ್ದರೂ.